ಖಿನ್ನತೆ ‘ಮನಸ್ಸು ಗಟ್ಟಿ ಇಲ್ಲದವರ’ ಕಾಯಿಲೆಯೇ? ನಮ್ಮ ಓಣಿಗೂ, ಮಂದಿಯ ನಡುವಿನ ನಮ್ಮ ಸ್ಥಾನಕ್ಕೂ ಅದಕ್ಕೂ ಇರುವ ನಂಟು

“ಖಿನ್ನತೆ ದುಡ್ಡಿದ್ದವರ ಕಾಯಿಲೆ. ಹೊಲದಲ್ಲಿ ದುಡಿಯುವವರಿಗೆ ಅದಕ್ಕೆಲ್ಲ ಪುರುಸೊತ್ತಿಲ್ಲ. ಮನಸ್ಸು ಗಟ್ಟಿ ಮಾಡಿಕೊಂಡರೆ ಡಾಕ್ಟರೂ ಬೇಡ, ಗುಳಿಗೆಯೂ ಬೇಡ.”

ಕೈಮುಗಿದ ಚಿತ್ರದ ಜೊತೆ ಇಂಥದ್ದೊಂದು ಸಂದೇಶ ನಿಮ್ಮ ಮನೆಯವರ ಗ್ರೂಪಿಗೂ ಬಂದಿರಬಹುದು. ಕಳಿಸಿದವರ ಉದ್ದೇಶ ಒಳ್ಳೆಯದೇ ಇರುತ್ತದೆ. ಆದರೆ ಅದೇ ಗ್ರೂಪಿನಲ್ಲಿ ಯಾರೋ ಒಬ್ಬರು ಮೂರು ವಾರದಿಂದ ನಿದ್ದೆಯಿಲ್ಲದೆ ಒದ್ದಾಡುತ್ತಿದ್ದರೆ, ಆ ಸಂದೇಶ ಅವರಿಗೆ ಹೇಳುವುದು ಒಂದೇ ಮಾತು: ತಪ್ಪು ನಿನ್ನದೇ. ಅವರು ಇನ್ನಷ್ಟು ಸುಮ್ಮನಾಗುತ್ತಾರೆ.

ಈ ಸಂದೇಶ ಎಷ್ಟು ನಿಜ? ಚುಟುಕಾಗಿ ಹೇಳುವುದಾದರೆ, ನಿಜವಲ್ಲ. ಖಿನ್ನತೆ ಬಡವರಲ್ಲಿ ಕಡಿಮೆಯಲ್ಲ, ಹೆಚ್ಚು. ನಾವು ಎಂಥ ಓಣಿಯಲ್ಲಿ ಬದುಕುತ್ತೇವೆ, ಮಂದಿ ನಡುವೆ ನಮ್ಮ ಸ್ಥಾನ ಎಲ್ಲಿದೆ ಎಂದು ನಮಗೆ ಅನ್ನಿಸುತ್ತದೆ ಎಂಬುದಕ್ಕೂ ಖಿನ್ನತೆಗೂ ನಂಟಿದೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ಬದುಕನ್ನು ಇಟ್ಟುಕೊಂಡು ಇದನ್ನು ಅರ್ಥ ಮಾಡಿಕೊಳ್ಳೋಣ.

ಬೇಸರ ಬೇರೆ, ಖಿನ್ನತೆ ಬೇರೆ

ಬೆಳೆ ಹೋದಾಗ, ಮನೆಯಲ್ಲಿ ಸಾವಾದಾಗ ದುಃಖ ಆಗುವುದು ಸಹಜ. ಅದು ಕಾಯಿಲೆಯಲ್ಲ. ಕನಿಷ್ಠ ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ ಮನಸ್ಸು ಕುಗ್ಗಿದ್ದು, ಮೊದಲು ಇಷ್ಟವಾಗುತ್ತಿದ್ದುದರಲ್ಲಿ ಆಸಕ್ತಿ ಹೋಗಿ, ಜೊತೆಗೆ ನಿದ್ದೆ, ಹಸಿವು, ಶಕ್ತಿ, ಗಮನ ತಪ್ಪಿ ದಿನದ ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ ವೈದ್ಯರು ಅದನ್ನು ಖಿನ್ನತೆ ಎಂದು ಪರಿಗಣಿಸುತ್ತಾರೆ. “ನಾನು ಯಾವುದಕ್ಕೂ ಬಾರದವ”, “ನಾನಿದ್ದರೆಷ್ಟು, ಬಿಟ್ಟರೆಷ್ಟು” ಎಂಬ ಯೋಚನೆಗಳೂ ಇದರ ಲಕ್ಷಣಗಳೇ.

ನಮ್ಮ ಕಡೆ ಯಾರೂ “ನನಗೆ ಖಿನ್ನತೆ ಐತಿ” ಎಂದು ಹೇಳಿಕೊಂಡು ಆಸ್ಪತ್ರೆಗೆ ಹೋಗುವುದಿಲ್ಲ. “ಎದಿ ಭಾರ ಆಗೈತಿ”, “ಮೈಕೈ ನೋವು”, “ನಿದ್ದಿ ಹತ್ತವಲ್ದು”, “ಯಾವುದೂ ಬ್ಯಾಡ ಅನಸ್ತೈತಿ” ಅನ್ನುತ್ತಾರೆ. ಹೀಗಾಗಿ ನೋವಿನ ಗುಳಿಗೆ, ಶಕ್ತಿಯ ಇಂಜೆಕ್ಷನ್‌ಗಳಲ್ಲೇ ತಿಂಗಳುಗಳು ಕಳೆದುಹೋಗುತ್ತವೆ.

ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಸುಮಾರು 20 ವಯಸ್ಕರಲ್ಲಿ ಒಬ್ಬರು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆ ಅನುಭವಿಸಿದ್ದಾರೆ. ಖಿನ್ನತೆ ಇದ್ದ 100 ಜನರಲ್ಲಿ ಸುಮಾರು 85 ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇನ್ನು ‘ದುಡ್ಡಿದ್ದವರ ಕಾಯಿಲೆ’ ಎಂಬ ಮಾತು. 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಪರಾಮರ್ಶೆ ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಒಂದೇ ಊರಿನ ಅತಿ ಹೆಚ್ಚು ಆದಾಯದವರಿಗಿಂತ ಅತಿ ಕಡಿಮೆ ಆದಾಯದವರಲ್ಲಿ ಖಿನ್ನತೆ, ಆತಂಕದಂಥ ತೊಂದರೆ ಒಂದೂವರೆಯಿಂದ ಮೂರು ಪಟ್ಟು ಹೆಚ್ಚು ಎಂದು ಅದು ಹೇಳುತ್ತದೆ.

ಹತ್ತು ಮೆಟ್ಟಿಲಿನ ಏಣಿ

ಬಡತನವೊಂದೇ ಕಾರಣವೇ? ಇಲ್ಲಿ ಒಂದು ಸರಳ ಪ್ರಶ್ನೆ ಕೆಲಸಕ್ಕೆ ಬರುತ್ತದೆ. ಹತ್ತು ಮೆಟ್ಟಿಲಿನ ಒಂದು ಏಣಿಯನ್ನು ಊಹಿಸಿಕೊಳ್ಳಿ. ತುದಿಯಲ್ಲಿ ಹಣ, ಓದು, ಗೌರವದ ಕೆಲಸ ಎಲ್ಲ ಇರುವವರು. ಬುಡದಲ್ಲಿ ಇವು ಯಾವುವೂ ಇಲ್ಲದವರು. ನೀವು ಎಷ್ಟನೇ ಮೆಟ್ಟಿಲಿನಲ್ಲಿದ್ದೀರಿ?

ಅಮೆರಿಕದ ಮನಶ್ಶಾಸ್ತ್ರಜ್ಞೆ ನ್ಯಾನ್ಸಿ ಆಡ್ಲರ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಏಣಿಯನ್ನು ಬಳಸಿದರು. ಆಮೇಲೆ ಅನೇಕ ದೇಶಗಳಲ್ಲಿ ಇದೇ ಪ್ರಶ್ನೆ ಕೇಳಲಾಯಿತು. ತಮ್ಮನ್ನು ಕೆಳಗಿನ ಮೆಟ್ಟಿಲಿನಲ್ಲಿ ಗುರುತಿಸಿಕೊಂಡವರಲ್ಲಿ ಖಿನ್ನತೆಯ ಲಕ್ಷಣ ಹೆಚ್ಚು ಎಂಬುದು ಮತ್ತೆ ಮತ್ತೆ ಕಂಡಿದೆ. ಆದಾಯ, ಓದು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಪೂರ್ತಿ ಅಳಿಸಿಹೋಗುವುದಿಲ್ಲ.

ಬ್ರಿಟನ್ನಿನ ಮೈಕೆಲ್ ಮಾರ್ಮಟ್ ಮತ್ತು ತಂಡ 1985ರಿಂದ ಲಂಡನ್ನಿನ 10,308 ಸರ್ಕಾರಿ ನೌಕರರನ್ನು ಅಧ್ಯಯನ ಮಾಡುತ್ತ ಬಂದಿತು. ಅವರಲ್ಲಿ ಯಾರೂ ಹೊಟ್ಟೆಗಿಲ್ಲದವರಲ್ಲ, ಎಲ್ಲರಿಗೂ ಸಂಬಳ ಇತ್ತು. ಆದರೂ ಹುದ್ದೆಯಲ್ಲಿ ಕೆಳಕ್ಕೆ ಹೋದಂತೆ ಆರೋಗ್ಯವೂ ಕೆಳಕ್ಕೆ ಹೋಗುತ್ತಿತ್ತು. ಖಿನ್ನತೆಯ ಲಕ್ಷಣಗಳೂ ಕೆಳಹಂತದ ನೌಕರರಲ್ಲೇ ಹೆಚ್ಚಿದ್ದವು.

ಇದರರ್ಥ, ನಮ್ಮ ಹತ್ತಿರ ಎಷ್ಟಿದೆ ಎಂಬುದರ ಜೊತೆಗೆ, ಯಾರ ಪಕ್ಕದಲ್ಲಿ ನಿಂತು ಅದನ್ನು ಎಣಿಸುತ್ತೇವೆ ಎಂಬುದೂ ಮನಸ್ಸಿಗೆ ತಟ್ಟುತ್ತದೆ.

ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಖುಷ್ಕಿ ಹೊಲ

ಈ ಹೋಲಿಕೆ ನಮ್ಮ ಮೂರು ತಾಲೂಕುಗಳಲ್ಲಿ ಕಣ್ಣಿಗೇ ಕಾಣುತ್ತದೆ. 1953ರಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಸಿಂಧನೂರು ಭತ್ತದ ಕಣಜ ಎನ್ನಿಸಿಕೊಂಡಿತು. ಅಕ್ಕಿ ಗಿರಣಿ, ಟ್ರ್ಯಾಕ್ಟರ್ ಶೋರೂಮು, ಹೊಸ ಮನೆಗಳು ಎದ್ದವು. ಪಕ್ಕದಲ್ಲೇ ಮಸ್ಕಿ, ಲಿಂಗಸುಗೂರು ಕಡೆಯ ಎಷ್ಟೋ ಊರುಗಳು ಇಂದಿಗೂ ಮಳೆ ನೋಡಿಕೊಂಡು ಬಿತ್ತುತ್ತವೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಮಸ್ಕಿ ತಾಲೂಕಿನ ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತಿದ್ದನ್ನು ಓದುಗರು ಮರೆತಿರಲಿಕ್ಕಿಲ್ಲ. ಅವರು ಕೇಳಿದ್ದು ನೀರು. ಅದರೊಳಗೆ ಇನ್ನೊಂದು ಪ್ರಶ್ನೆಯೂ ಇತ್ತು: ಆಚೆ ಊರಿಗೆ ಬಂದದ್ದು ನಮಗೇಕಿಲ್ಲ?

ಕಾಲುವೆ ಇದ್ದಲ್ಲೂ ಏಣಿ ಇದೆ. ಮೇಲ್ಭಾಗದವರ ಗದ್ದೆ ತುಂಬಿದಾಗ ಕೊನೆ ಭಾಗದ ರೈತರು ಗೇಜ್ ನೋಡುತ್ತ ಕಾಯುತ್ತಾರೆ. ಭೂಮಿ ಇದ್ದವರ ಗದ್ದೆಯಲ್ಲಿ ಭೂಮಿ ಇಲ್ಲದ ಹೆಣ್ಣುಮಕ್ಕಳು ಸಸಿ ನಾಟಿ ಮಾಡುತ್ತಾರೆ. ಹಟ್ಟಿ ಚಿನ್ನದ ಗಣಿಯ ಸುತ್ತ ಕಾಯಂ ನೌಕರಿ ಇರುವ ಮನೆ ಒಂದು ಕಡೆ, ದಿನಗೂಲಿ ನಂಬಿದ ಮನೆ ಇನ್ನೊಂದು ಕಡೆ.

ಊರಿಗೂ ಹಣೆಪಟ್ಟಿ ಅಂಟುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳನ್ನು ಆರಿಸಿದಾಗ ಕರ್ನಾಟಕದಿಂದ ರಾಯಚೂರು, ಯಾದಗಿರಿಗಳನ್ನು ತೆಗೆದುಕೊಂಡಿತು. ಇದರಿಂದ ಅನುದಾನದ ಕಡೆ ಗಮನ ಹರಿಯಿತು, ಒಳ್ಳೆಯದೇ. ಆದರೆ ಬೆಂಗಳೂರಿನ ಕೆಲಸದ ಸಂದರ್ಶನದಲ್ಲಿ “ಯಾವೂರು?” ಎಂದು ಕೇಳಿದಾಗ ಹುಡುಗನೊಬ್ಬ ಅಳುಕಿ ಉತ್ತರಿಸುತ್ತಾನಲ್ಲ, ಆ ಅಳುಕೂ ಏಣಿಯ ಭಾಗವೇ.

ಒಂದು ಮಾತು ನೆನಪಿರಲಿ. ಕೀಳರಿಮೆ ತಾನಾಗಿ ಹುಟ್ಟುವುದಿಲ್ಲ. ಜಾತಿ ಕೇಳಿ ದೂರ ಕೂರಿಸಿದಾಗ, ಸಾಲಗಾರ ಮನೆ ಮುಂದೆ ನಿಂತು ಕೂಗಾಡಿದಾಗ, ಗಂಡ ಸತ್ತವಳನ್ನು ಶುಭಕಾರ್ಯದಿಂದ ಹೊರಗಿಟ್ಟಾಗ ಅದು ಹುಟ್ಟುತ್ತದೆ. ಹಾಗಾಗಿ “ಹೋಲಿಕೆ ಮಾಡಿಕೊಳ್ಳಬೇಡಿ” ಎಂಬ ಉಪದೇಶ ಅರ್ಧ ಮದ್ದು ಮಾತ್ರ. ಕೀಳಾಗಿ ಕಾಣುವುದನ್ನು ಮೊದಲು ನಿಲ್ಲಿಸಬೇಕಲ್ಲವೇ?

ಓಣಿ ಮೈಯೊಳಗೆ ಹೇಗೆ ಇಳಿಯುತ್ತದೆ?

ಅಪಾಯ ಅಥವಾ ಅವಮಾನದ ಸುಳಿವು ಸಿಕ್ಕಾಗ ದೇಹ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ. ಸ್ವಲ್ಪ ಹೊತ್ತಿಗೆ ಇದು ಒಳ್ಳೆಯದು, ನಮ್ಮನ್ನು ಎಚ್ಚರವಾಗಿಡುತ್ತದೆ. ಆದರೆ ಗಟಾರ ತುಂಬಿದ, ಬೀದಿ ದೀಪ ಇಲ್ಲದ, ರಾತ್ರಿಯಿಡೀ ಕುಡುಕರ ಗಲಾಟೆ ಇರುವ ಓಣಿಯಲ್ಲಿ ಈ ಎಚ್ಚರ ಇಳಿಯುವುದೇ ಇಲ್ಲ. ನಿದ್ದೆ ಕೆಡುತ್ತದೆ. ಕತ್ತಲಾದ ಮೇಲೆ ಹೆಣ್ಣುಮಕ್ಕಳು ಹೊರಗೆ ಬರುವುದಿಲ್ಲ, ಕಟ್ಟೆಯ ಮೇಲೆ ಕೂತು ಮಾತಾಡುವುದು ನಿಲ್ಲುತ್ತದೆ. ನಿದ್ದೆಗೇಡು ಮತ್ತು ಒಂಟಿತನ, ಇವೆರಡೂ ಖಿನ್ನತೆಗೆ ದಾರಿ ಮಾಡುವ ಸಂಗತಿಗಳು.

ಓಣಿ ಸರಿಹೋದರೆ ಮನಸ್ಸೂ ಹಗುರಾಗುತ್ತದೆಯೇ? ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದರು. ಕಸ ತುಂಬಿದ್ದ 541 ಖಾಲಿ ಜಾಗಗಳನ್ನು ಆರಿಸಿ, ಕೆಲವನ್ನು ಸ್ವಚ್ಛ ಮಾಡಿ ಹುಲ್ಲು, ಗಿಡ ಹಾಕಿದರು, ಕೆಲವನ್ನು ಬರೀ ಸ್ವಚ್ಛ ಮಾಡಿದರು, ಕೆಲವನ್ನು ಹಾಗೇ ಬಿಟ್ಟರು. ಹಾಗೇ ಬಿಟ್ಟ ಜಾಗಗಳಿಗೆ ಹೋಲಿಸಿದರೆ, ಹಸಿರು ಮಾಡಿದ ಜಾಗದ ಸುತ್ತಲಿನವರಲ್ಲಿ “ಮನಸ್ಸು ಕುಗ್ಗಿದೆ” ಎನ್ನುವುದು ಶೇ 41.5ರಷ್ಟು ಇಳಿಯಿತು. ಈ ಫಲಿತಾಂಶ ಪ್ರಕಟವಾದದ್ದು 2018ರಲ್ಲಿ. ಒಂದು ತಿಪ್ಪೆ ಎತ್ತಿಸಿ ಬೇವಿನ ಗಿಡ ನೆಡುವುದು ಚಿಕ್ಕ ಕೆಲಸವಲ್ಲ.

ಊರು ಬಿಟ್ಟರೆ ಸರಿಹೋಗುತ್ತದೆಯೇ?

1990ರ ದಶಕದಲ್ಲಿ ಅಮೆರಿಕದ ಐದು ನಗರಗಳಲ್ಲಿ ಸುಮಾರು 4,600 ಬಡ ಕುಟುಂಬಗಳ ನಡುವೆ ಲಾಟರಿ ಎತ್ತಿ, ಕೆಲವರಿಗೆ ಒಳ್ಳೆಯ ಬಡಾವಣೆಗೆ ಹೋಗಲು ಬಾಡಿಗೆ ನೆರವು ಕೊಟ್ಟರು. ಹತ್ತು ಹದಿನೈದು ವರ್ಷದ ನಂತರ ನೋಡಿದರೆ ದೊಡ್ಡವರ ಆದಾಯ ಅಷ್ಟೇನೂ ಬದಲಾಗಿರಲಿಲ್ಲ, ಆದರೆ ಮನಸ್ಸಿನ ನೆಮ್ಮದಿ ಹೆಚ್ಚಿತ್ತು. ಹೆಣ್ಣುಮಕ್ಕಳಲ್ಲಿ ಖಿನ್ನತೆ ಇಳಿದಿತ್ತು. ಗಂಡುಮಕ್ಕಳಲ್ಲಿ ಮಾತ್ರ ಏರಿತ್ತು!

ಅಂದರೆ ಜಾಗ ಬದಲಾದ ಮಾತ್ರಕ್ಕೆ ಎಲ್ಲರಿಗೂ ಒಳ್ಳೆಯದಾಗುವುದಿಲ್ಲ. ಗುಳೆ ಹೋಗುವವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಬೆಂಗಳೂರಿನಲ್ಲಿ ಕೂಲಿ ಹೆಚ್ಚು ಸಿಗುತ್ತದೆ. ಆದರೆ ತಾವೇ ಕಟ್ಟುವ ಅಪಾರ್ಟ್‌ಮೆಂಟಿನ ನೆರಳಲ್ಲಿ ತಗಡಿನ ಶೆಡ್ಡಿನಲ್ಲಿ ಮಲಗಬೇಕು. ಊರಲ್ಲಿ ಹೆಸರು ಹಿಡಿದು ಕರೆಯುತ್ತಿದ್ದವರು ಅಲ್ಲಿ ಬರೀ ‘ಲೇಬರ್’ ಆಗುತ್ತಾರೆ. ಕೈಗೆ ಬರುವ ಹಣ ಏರಿದಾಗಲೇ ಏಣಿಯ ಮೆಟ್ಟಿಲು ಇಳಿದಂತೆ ಅನ್ನಿಸಬಹುದು.

ಬೀಜ ಮೊದಲೋ ವೃಕ್ಷ ಮೊದಲೋ?

ಇಲ್ಲಿ ಎಚ್ಚರ ಬೇಕು. ಖಿನ್ನತೆ ಇದ್ದವರಿಗೆ ತಮ್ಮ ಓಣಿ ಇದ್ದದ್ದಕ್ಕಿಂತ ಕೆಟ್ಟದಾಗಿ, ತಮ್ಮ ಸ್ಥಾನ ಇದ್ದದ್ದಕ್ಕಿಂತ ಕೆಳಗೆ ಕಾಣಿಸಬಹುದು. ಖಿನ್ನತೆಯಿಂದ ಕೆಲಸ ತಪ್ಪಿ ನಿಜಕ್ಕೂ ಕೆಳಗಿಳಿಯುವುದೂ ಉಂಟು. ನಂಟು ಎರಡೂ ಕಡೆಯಿಂದ ಇದೆ. ಮೇಲೆ ಹೇಳಿದ ಎರಡು ಪ್ರಯೋಗಗಳಿಗೆ ಬೆಲೆ ಇರುವುದು ಅದಕ್ಕೇ: ಅಲ್ಲಿ ಸುತ್ತಲಿನ ಪರಿಸರವನ್ನು ಮೊದಲು ಬದಲಿಸಿ, ಆಮೇಲೆ ಮನಸ್ಸನ್ನು ಅಳೆದರು.

ಬಡ ಓಣಿಯಲ್ಲಿರುವ ಎಲ್ಲರಿಗೂ ಖಿನ್ನತೆ ಬರುವುದಿಲ್ಲ, ಬಂಗಲೆಯಲ್ಲಿರುವವರಿಗೂ ಬರುತ್ತದೆ. ಮನೆತನದಲ್ಲಿ ಬಂದ ಗುಣ, ಥೈರಾಯ್ಡ್‌ನಂಥ ತೊಂದರೆ, ಹೆರಿಗೆ, ಕುಡಿತ, ಹಿಂಸೆ ಹೀಗೆ ಕಾರಣಗಳು ಹಲವು. ಓಣಿ ಮತ್ತು ಸ್ಥಾನಮಾನ ಅವುಗಳಲ್ಲಿ ಎರಡು.

ಏನು ಮಾಡಬಹುದು?

• ಎರಡು ವಾರ ದಾಟಿದರೆ ತೋರಿಸಿ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಹೋಗುವ ಮೊದಲು ಆಶಾ ಕಾರ್ಯಕರ್ತೆಯನ್ನು ಕೇಳಿಕೊಳ್ಳಿ. ಹೆಚ್ಚಿನ ಚಿಕಿತ್ಸೆಗೆ ರಾಯಚೂರಿನ ರಿಮ್ಸ್ ಇದೆ.

• 14416ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾಯಿತು. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಎರಡು ವಾರ ಕಾಯಬೇಡಿ, ಈಗಲೇ ಕರೆ ಮಾಡಿ. ಅಂಥವರು ಮನೆಯಲ್ಲಿದ್ದರೆ ಒಂಟಿಯಾಗಿ ಬಿಡಬೇಡಿ.

• ಗುಳಿಗೆ ಕೊಟ್ಟಿದ್ದರೆ ಫಾರ್ವರ್ಡ್ ನೋಡಿ ನಿಲ್ಲಿಸಬೇಡಿ. ವೈದ್ಯರನ್ನು ಕೇಳಿಯೇ ನಿಲ್ಲಿಸಿ.

• ಮಾತಿನ ಚಿಕಿತ್ಸೆಯೂ ಕೆಲಸ ಮಾಡುತ್ತದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತರಬೇತಿ ಪಡೆದ ಸಾಮಾನ್ಯ ಜನರೇ ತೀವ್ರ ಖಿನ್ನತೆ ಇದ್ದವರಿಗೆ ಕೆಲವು ವಾರ ಆಪ್ತಸಲಹೆ ನೀಡಿದರು. 2017ರ ವರದಿಯಂತೆ ಅವರಲ್ಲಿ ಶೇ 64ರಷ್ಟು ಜನ ಚೇತರಿಸಿಕೊಂಡರು. ಮಾಮೂಲಿ ಆರೈಕೆಯಷ್ಟೇ ಸಿಕ್ಕವರಲ್ಲಿ ಈ ಪ್ರಮಾಣ ಶೇ 39.

• ಓಣಿಯ ಕೆಲಸವನ್ನೂ ಆರೋಗ್ಯದ ಕೆಲಸ ಎಂದೇ ನೋಡಿ. ಬೀದಿ ದೀಪ, ಗಟಾರ, ಗಿಡ, ಕೂರುವ ಕಟ್ಟೆಯ ಬಗ್ಗೆ ವಾರ್ಡ್ ಸಭೆ, ಗ್ರಾಮಸಭೆಗಳಲ್ಲಿ ಕೇಳಿ.

ಹಳ್ಳಿಯವರಿಗೆ ಮಾನಸಿಕ ಚಿಕಿತ್ಸೆ ನಮ್ಮ ಭಾಗಕ್ಕೆ ಹೊಸದೂ ಅಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಪಕ್ಕದ ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳಲ್ಲೇ ಇದನ್ನು ಮಾಡಿ ತೋರಿಸಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ‘ಬಳ್ಳಾರಿ ಮಾದರಿ’ಯೇ ಆಧಾರ.

ಫಾರ್ವರ್ಡ್ ಮಾಡುವ ಮುನ್ನ

1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಶಾಸನದಿಂದ ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂಬುದು ಖಚಿತವಾಯಿತು ಎಂದು ಶಾಲೆಯಲ್ಲಿ ಓದಿದ್ದೇವೆ. ಆ ಬಂಡೆಯ ಮೇಲಿನ ಸಂದೇಶ ಏನೆಂಬುದು ಅಷ್ಟು ಜನರಿಗೆ ಗೊತ್ತಿಲ್ಲ. ಧರ್ಮದ ಫಲ ದೊಡ್ಡವರಿಗೆ ಮಾತ್ರ ಸಿಗುತ್ತದೆಂದು ತಿಳಿಯಬೇಡಿ, ಸಣ್ಣವರೂ ಅದನ್ನು ಪಡೆಯಬಲ್ಲರು, ಇಬ್ಬರಿಗೂ ಇದನ್ನು ತಿಳಿಸಿ ಎಂಬುದು ಅದರ ಸಾರ. ಎರಡು ಸಾವಿರ ವರ್ಷಗಳಿಗೂ ಹಿಂದೆ ನಮ್ಮ ನೆಲದಲ್ಲಿ ಕೊರೆದಿಟ್ಟ ಫಾರ್ವರ್ಡ್ ಅದು.

ಇನ್ನೊಮ್ಮೆ “ಮನಸ್ಸು ಗಟ್ಟಿ ಮಾಡಿಕೊಳ್ಳಿ” ಎಂಬ ಚಿತ್ರ ಬಂದರೆ ಅದನ್ನು ಅಲ್ಲಿಗೇ ನಿಲ್ಲಿಸಿ. ಅದರ ಬದಲು 14416 ಕಳಿಸಿ. ಆಮೇಲೆ, ಇತ್ತೀಚೆಗೆ ಗ್ರೂಪಿನಲ್ಲಿ ಮಾತೇ ಆಡದವರೊಬ್ಬರಿಗೆ ಫೋನ್ ಮಾಡಿ, “ಹೆಂಗದೀರಿ? ಊಟ ಆತೇನು?” ಎಂದು ಕೇಳಿ.