ಬೆಳ್ಳಿಯ ಚರಿತ್ರೆಯಲ್ಲಿ ಬೇವಿನ ಎಲೆ

ನಮ್ಮ ರಾಯದುರ್ಗ, ಮಡಕಶಿರಾ ಕಡೆ ಮಳೆಗೆ ಬರವಿರಬಹುದು, ಬೇವಿನ ಮರಕ್ಕೆ ಬರವಿಲ್ಲ. ಅಮ್ಮ ಎದ್ದರೆ ಮಗುವಿನ ಹಾಸಿಗೆಗೆ ಬೇವಿನ ಸೊಪ್ಪು, ಉಳ್ಳವರ ಮನೆಯಲ್ಲಿ ಕೂಸಿಗೆ ಹಾಲು ಹಾಕಲು ಬೆಳ್ಳಿ ಒಳಲೆ. ಇವು ಹಿರಿಯರ ರೂಢಿ. ಇವೆರಡೂ ಪ್ರಯೋಗಶಾಲೆಯಲ್ಲಿ ಒಂದಾದ ಚರಿತ್ರೆ ನಮ್ಮ ಮಕ್ಕಳಿಗೆ ತಿಳಿದಿರಬೇಕು.

1869ರಲ್ಲಿ ಫ್ರಾನ್ಸಿನ ಜೂಲ್ ರೋಲಾಂ ಬೆಳ್ಳಿ ಪಾತ್ರೆಯಲ್ಲಿ ಕಪ್ಪು ಬೂಸ್ಟು ಬೆಳೆಯುವುದಿಲ್ಲವೆಂದು ಕಂಡರು. 1880ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಡಾ. ಕಾರ್ಲ್ ಕ್ರೇಡೆ ಆಗ ತಾನೇ ಹುಟ್ಟಿದ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕತೊಡಗಿದರು. ನೂರಕ್ಕೆ ಸುಮಾರು ಹತ್ತು ಶಿಶುಗಳಿಗೆ ತಗಲುತ್ತಿದ್ದ, ಕಣ್ಣನ್ನೇ ಕಳೆಯುತ್ತಿದ್ದ ಸೋಂಕು ಒಂದಕ್ಕಿಂತ ಕಡಿಮೆಗೆ ಇಳಿಯಿತು. 1968ರಲ್ಲಿ ಸಿಲ್ವರ್ ಸಲ್ಫಾಡಯಜೀನ್ ಬಂತು. ಸುಟ್ಟ ಗಾಯಕ್ಕೆ ಹಚ್ಚುವ ಆ ಬಿಳಿ ಮುಲಾಮು ಇಂದಿಗೂ ಬಳಕೆಯಲ್ಲಿದೆ.

ಆಮೇಲೆ ಬಂದದ್ದು ನ್ಯಾನೋ ಬೆಳ್ಳಿ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಅಂಥ ನೂರಕ್ಕಿಂತ ಚಿಕ್ಕ ಕಣಗಳನ್ನು ತಯಾರಿಸಲು ಕಟು ರಾಸಾಯನಿಕಗಳನ್ನು ಬಳಸುವುದೂ ಉಂಟು. 2003ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಕುದುರೆಮಸಾಲೆ ಸೊಪ್ಪಿನ ಮೊಳಕೆಯೊಳಗೇ ಬೆಳ್ಳಿ ಕಣ ಮೂಡಿತು. 2004ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮುರಳಿ ಶಾಸ್ತ್ರಿ ಮತ್ತು ಸಂಗಡಿಗರು ಬೇವಿನ ಎಲೆಯ ಕಷಾಯದಿಂದಲೇ ಕಣಗಳನ್ನು ಪಡೆದ ವರದಿ ಪ್ರಕಟಿಸಿದರು. 2010ರಲ್ಲಿ ನಮ್ಮ ಸೀಮೆಯದೇ ಆದ ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದಿಂದ ಕೊಂಡಗುಗ್ಗಿಲಂ ಮರದ ತೊಗಟೆಯ ಪ್ರಯೋಗ ವರದಿಯಾಯಿತು.

ಎಲೆಯ ಕೆಲಸವೇನು? ಅದರ ರಸದಲ್ಲಿರುವ ಪದಾರ್ಥಗಳು ಬೆಳ್ಳಿಯ ಅಯಾನಿಗೆ ಎಲೆಕ್ಟ್ರಾನು ಕೊಟ್ಟು ಲೋಹವಾಗಿಸುತ್ತವೆ, ಕಣಗಳು ಒಂದಕ್ಕೊಂದು ಅಂಟದಂತೆ ಸುತ್ತಿಕೊಳ್ಳುತ್ತವೆ. ದ್ರಾವಣ ಕಂದು ಬಣ್ಣಕ್ಕೆ ತಿರುಗುತ್ತದೆ. ಬ್ಯಾಕ್ಟೀರಿಯಾದ ಹೊರಪೊರೆಗೂ ಪ್ರೋಟೀನಿಗೂ ಪೆಟ್ಟು ಕೊಡುವುದು ಮುಖ್ಯವಾಗಿ ಕಣದಿಂದ ಬಿಡುಗಡೆಯಾಗುವ ಬೆಳ್ಳಿ ಅಯಾನು.

ಇಲ್ಲಿಗೆ ಕಥೆ ಮುಗಿಯಲಿಲ್ಲ. 1975ರಲ್ಲೇ ಬಾಸ್ಟನ್ನಿನ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಬೆಳ್ಳಿಗೂ ಬಗ್ಗದ ಸಾಲ್ಮೊನೆಲ್ಲಾ ಕಂಡುಬಂದಿತ್ತು. ಬೆಳ್ಳಿ ನೀರು ಕುಡಿದವರಲ್ಲಿ ಮೈ ನೀಲಿಗಟ್ಟಿದವರೂ ಇದ್ದಾರೆ. ಬೆಳ್ಳಿ ದ್ರಾವಣದ ಮಾತ್ರೆ, ಔಷಧಿಗಳು ಸುರಕ್ಷಿತವೂ ಅಲ್ಲ, ಪರಿಣಾಮಕಾರಿಯೂ ಅಲ್ಲವೆಂದು ಅಮೆರಿಕ ಸರ್ಕಾರ 1999ರಲ್ಲಿ ತಿಳಿಸಿತು.

ಗಾಜಿನ ತಟ್ಟೆಯಲ್ಲಿ ರೋಗಾಣು ಸತ್ತ ಮಾತ್ರಕ್ಕೆ ಅದು ಔಷಧಿಯಾಗದು. ಕ್ರೇಡೆಯವರ ಹನಿಯನ್ನು ನಂಬಿದ್ದು ಶಿಶುಗಳ ಕಣ್ಣು ಉಳಿದ ಲೆಕ್ಕ ನೋಡಿ. ಎಲೆಯಿಂದಾದ ಬೆಳ್ಳಿಗೂ ಅದೇ ಪರೀಕ್ಷೆ ಇರಲಿ. ಅಲ್ಲಿಯವರೆಗೆ ಮಗುವಿನ ಗಾಯಕ್ಕೆ ಸೋಪು, ಶುದ್ಧ ನೀರು, ಸರ್ಕಾರಿ ಆಸ್ಪತ್ರೆ. ಬೇವಿನ ನೆರಳಲ್ಲಿ ಕುಳಿತ ಮಕ್ಕಳಿಗೆ ಇಷ್ಟನ್ನು ಕನ್ನಡದಲ್ಲೇ ಹೇಳೋಣ.