ಅಕಾಡೆಮಿಯ ಹೊರಗಿನಿಂದ ಬಂದ ಗುರು: ಮಿರೊಸ್ಲಾವ್ ಕ್ಲೋಸೆ ಅವರ ತರಬೇತಿ ವೃತ್ತಿಯ ಮೊದಲ ಘಟ್ಟ

2018ರಲ್ಲಿ ಬಾಯರ್ನ್ ಮ್ಯೂನಿಕ್ ಕ್ಲಬ್ ತನ್ನ 17 ವರ್ಷದೊಳಗಿನವರ ತಂಡವನ್ನು ಮಿರೊಸ್ಲಾವ್ ಕ್ಲೋಸೆ ಅವರಿಗೆ ಒಪ್ಪಿಸಿತು. ಜರ್ಮನಿಯ ಪರ 137 ಪಂದ್ಯಗಳಲ್ಲಿ 71 ಗೋಲು ಹೊಡೆದವರು ಅವರು. ಅವುಗಳಲ್ಲಿ 16 ಗೋಲು ನಾಲ್ಕು ವಿಶ್ವಕಪ್‌ಗಳಲ್ಲಿ ಬಂದವು. 2014ರಲ್ಲಿ ಬ್ರೆಜಿಲ್‌ನ ರೊನಾಲ್ಡೊ ಅವರ 15 ಗೋಲುಗಳ ದಾಖಲೆ ಮುರಿದದ್ದು ಬ್ರೆಜಿಲ್ ನೆಲದಲ್ಲೇ. ಈ ನೇಮಕವನ್ನು ಹೆಸರಿನ ಪ್ರಭಾವವೆಂದು ವಿವರಿಸಿ ಮುಗಿಸಬಹುದು. ಆದರೆ ಅವರು ಕಿರಿಯರನ್ನು ತಯಾರಿಸುವ ಯಾವ ಕ್ಲಬ್ ಅಕಾಡೆಮಿಯಲ್ಲೂ ಬೆಳೆದವರಲ್ಲ ಎಂಬ ಸಂಗತಿಯೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಪೋಲೆಂಡ್‌ನ ಒಪೊಲೆಯಲ್ಲಿ 1978ರಲ್ಲಿ ಹುಟ್ಟಿದ ಕ್ಲೋಸೆ ಬಾಲ್ಯದಲ್ಲೇ ಕುಟುಂಬದೊಡನೆ ಜರ್ಮನಿಯ ಕೂಸೆಲ್ ಪಟ್ಟಣಕ್ಕೆ ಬಂದರು. ತಂದೆ ವೃತ್ತಿಪರ ಫುಟ್‌ಬಾಲಿಗ. ತಾಯಿ ಪೋಲೆಂಡ್ ತಂಡದ ಹ್ಯಾಂಡ್‌ಬಾಲ್ ಆಟಗಾರ್ತಿ. ಆದರೂ ಮಗ ಕಲಿತದ್ದು ಬಡಗಿ ಕೆಲಸ. ಆಡುತ್ತಿದ್ದದ್ದು ಏಳನೆಯ ದರ್ಜೆಯ ಲೀಗಿನ ಊರ ಕ್ಲಬ್ಬಿಗೆ. ಕೈಸರ್ಸ್‌ಲೌಟರ್ನ್ ತಂಡದ ಪರ ಬುಂಡೆಸ್‌ಲೀಗಾಗೆ ಕಾಲಿಟ್ಟದ್ದು 2000ದಲ್ಲಿ, 21ರ ವಯಸ್ಸಿನಲ್ಲಿ.

ಅದೇ ವರ್ಷ ಯುರೋ ಕಪ್‌ನಲ್ಲಿ ಜರ್ಮನಿ ಒಂದೇ ಗೋಲು, ಒಂದೇ ಅಂಕ ಗಳಿಸಿ ಗುಂಪಿನ ಕೊನೆಗೆ ಕುಸಿಯಿತು. ಆ ಆಘಾತದ ನಂತರ ವೃತ್ತಿಪರ ಕ್ಲಬ್‌ಗಳಿಗೆ ಅಕಾಡೆಮಿ ಕಡ್ಡಾಯವಾಯಿತು. ದೇಶದುದ್ದಕ್ಕೂ ನೂರಾರು ಪ್ರತಿಭಾ ಕೇಂದ್ರಗಳು ಹುಟ್ಟಿಕೊಂಡವು. 2014ರ ವಿಶ್ವಕಪ್ ಗೆಲುವಿನ ಹಿಂದೆ ಈ ವ್ಯವಸ್ಥೆಯ ಶ್ರಮವಿದೆ. ಆದರೆ ಅದರದೊಂದು ಕೊರತೆಯೂ ಸಂಶೋಧಕರಿಗೆ ಪರಿಚಿತ: ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ, ಬೇಗ ಮೈ ತುಂಬಿಕೊಂಡ ಹುಡುಗರು ಆಯ್ಕೆಗಾರರ ಕಣ್ಣಿಗೆ ಬೇಗ ಬೀಳುತ್ತಾರೆ. ತಡವಾಗಿ ಅರಳುವವರು ಹಿಂದುಳಿಯುತ್ತಾರೆ. 17ರ ಹಂತದಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂಬ ತೀರ್ಮಾನದಲ್ಲಿ ಕೋಚ್ ಮಾತಿಗೆ ಬೆಲೆಯಿದೆ. ತಾನೇ ತಡವಾಗಿ ಅರಳಿದವನೊಬ್ಬ ಅಲ್ಲಿ ಕೂತಿರುವುದು ಸಣ್ಣ ವಿಷಯವಲ್ಲ.

ಆದರೆ ಸ್ವಂತ ಅನುಭವ ತಾನಾಗಿಯೇ ಬೋಧನೆಯಾಗುವುದಿಲ್ಲ. 2002ರ ವಿಶ್ವಕಪ್‌ನಲ್ಲಿ ಕ್ಲೋಸೆ ಹೊಡೆದ ಐದೂ ಗೋಲುಗಳು ಹೆಡರ್‌ಗಳು. ಯಾವ ಕ್ಷಣಕ್ಕೆ ನೆಲ ಬಿಡಬೇಕು, ಎದುರಾಳಿ ಡಿಫೆಂಡರ್‌ನ ನೋಟ ತಪ್ಪಿಸಿ ಯಾವ ಬದಿಯಿಂದ ನುಗ್ಗಬೇಕು ಎಂಬುದು ಮೈಗೆ ಗೊತ್ತು, ಬಾಯಿಗೆ ಗೊತ್ತಿರಬೇಕಿಲ್ಲ. ಹದಿನಾರರ ಹುಡುಗನಿಗೆ ಅದನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಿ ಹೇಳಬೇಕು. 2016ರಲ್ಲಿ ನಿವೃತ್ತರಾದ ಕ್ಲೋಸೆ ನೇರವಾಗಿ ತಂಡವೊಂದನ್ನು ವಹಿಸಿಕೊಳ್ಳದೆ, ಯೋಆಖಿಮ್ ಲೋವ್ ಅವರ ರಾಷ್ಟ್ರೀಯ ತಂಡದ ತರಬೇತಿ ಬಳಗದಲ್ಲಿ ಕಲಿಯಲು ಕೂತದ್ದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ.

ಕೌಶಲ್ಯದಷ್ಟೇ ತೂಕದ ಇನ್ನೊಂದು ವಿಷಯವಿದೆ. 2005ರಲ್ಲಿ ವೆರ್ಡರ್ ಬ್ರೆಮೆನ್ ಪರ ಆಡುವಾಗ ತಮಗೆ ಸಿಕ್ಕ ಪೆನಾಲ್ಟಿ ಸರಿಯಲ್ಲವೆಂದು ಅವರೇ ರೆಫರಿಗೆ ಹೇಳಿದರು. 2012ರಲ್ಲಿ ಲಾಜಿಯೊ ಪರ, ನಾಪೊಲಿ ವಿರುದ್ಧ ಚೆಂಡು ಕೈಗೆ ತಗುಲಿ ಗೋಲಾದುದನ್ನು ಒಪ್ಪಿಕೊಂಡರು. ಹುಡುಗರ ಮುಂದೆ ನಿಲ್ಲುವವನಿಗೆ ಇದಕ್ಕಿಂತ ದೊಡ್ಡ ಅರ್ಹತೆ ನನಗೆ ಕಾಣದು.

ಬಾಯರ್ನ್‌ನ ಕಿರಿಯರ ತಂಡ ವಹಿಸಿಕೊಂಡ ಎರಡು ವರ್ಷಗಳ ನಂತರ, 2020ರಲ್ಲಿ, ಕ್ಲೋಸೆ ಅದೇ ಕ್ಲಬ್ಬಿನ ಹಿರಿಯರ ತಂಡಕ್ಕೆ ಹ್ಯಾನ್ಸಿ ಫ್ಲಿಕ್ ಅವರ ಸಹಾಯಕರಾದರು. ಮುಂದೆ ಆಸ್ಟ್ರಿಯಾದ ಆಲ್ಟಾಖ್, 2024ರಲ್ಲಿ ನ್ಯೂರ್ನ್‌ಬರ್ಗ್. ಕೋಚ್‌ಗೆ ಇದು ಏಳಿಗೆ. ಆದರೆ ಕಿರಿಯರ ತಂಡವೆಂಬುದು ಗುರುಗಳಿಗೇ ಏಣಿಯ ಮೊದಲ ಮೆಟ್ಟಿಲಾದಾಗ ನಷ್ಟವಾಗುವುದು ನಿಧಾನವಾಗಿ ಬೆಳೆಯುವ ಹುಡುಗನಿಗೆ. ಅವನನ್ನು ನಾಲ್ಕೈದು ವರ್ಷ ಒಬ್ಬರೇ ಗಮನಿಸುತ್ತಿದ್ದರೆ ಮಾತ್ರ ಆ ಬೆಳವಣಿಗೆ ಕಣ್ಣಿಗೆ ಬೀಳುತ್ತದೆ. ಹೊಸದಾಗಿ ಬಂದ ಕೋಚ್ ಆ ದಿನದ ಎತ್ತರ ಮತ್ತು ವೇಗವನ್ನಷ್ಟೇ ನೋಡಿ ಅವನನ್ನು ಅಳೆಯಬೇಕಾಗುತ್ತದೆ.