ಮಗ್ಗ ನಮ್ಮದು, ನೂಲು ಯಾರದು?

ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಸಂತೋಷದಲ್ಲಿ ಸಾಲ, ಗೊಬ್ಬರ, ಷೇರು ಹಣದ ಲೆಕ್ಕವನ್ನು ಬೇರೆ ಪುಟಗಳಲ್ಲಿ ಓದುತ್ತೀರಿ. ನಾವಿಲ್ಲಿ ಹೇಳಹೊರಟಿರುವುದು ನಮ್ಮ ಸೀಮೆಯ ಒಂದು ಹಳೇ ಕಸುಬಿನ ಚರಿತ್ರೆ. ನಾಗಮಂಗಲ ಅಂದ್ರೆ ಕಂಚು, ಹಿತ್ತಾಳೆ ಕೆಲಸ ಅಂತ ಎಲ್ಲರಿಗೂ ಗೊತ್ತು. ಆದರೆ ನಮ್ಮ ದೇವಲಾಪುರದವರು ವೈರಮುಡಿಗೆ ಹೋಗಿ ಪುಳಿಯೋಗರೆ ತಿಂದು ಬರುವ ಮೇಲುಕೋಟೆ ಪಂಚೆ ನೇಯ್ಗೆಗೂ ಹೆಸರಾದ ಊರು ಅನ್ನೋದು ಎಷ್ಟು ಜನಕ್ಕೆ ನೆನಪಿದೆ? ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲವೂ ನೇಕಾರರ ಊರೇ.

ನೇಯ್ಗೆ ಮನೆಮಂದಿಯೆಲ್ಲ ಸೇರಿ ಮಾಡುವ ಕಸುಬು. ಗುಂಡಿಮಗ್ಗ ಅಂದರೆ ಮನೆಯೊಳಗೇ ಒಂದು ಗುಂಡಿ. ನೇಯುವವನು ಅದರಲ್ಲಿ ಕಾಲು ಇಳಿಬಿಟ್ಟು, ಹಲಗೆ ತುಳಿಯುತ್ತ ಲಾಳಿ ಓಡಿಸುತ್ತಾನೆ. ಕಣ್ಣಿಗೆ ಬೀಳೋದು ಅವನೊಬ್ಬನೇ. ಆದರೆ ಲಡಿ ಬಿಡಿಸಿ ರಾಟೆಯಲ್ಲಿ ಕಂಡಿಕೆ ಸುತ್ತುವವಳು ಹೆಂಡತಿ, ಗಂಜಿ ಹಾಕಿದ ನೂಲು ಹರಡಲು ಬರುವವರು ನೆರೆಮನೆಯವರು. 2019-20ರ ಗಣತಿಯಂತೆ ದೇಶದಲ್ಲಿ 35 ಲಕ್ಷಕ್ಕೂ ಮಿಕ್ಕಿ ಕೈಮಗ್ಗದ ಕೆಲಸಗಾರರಿದ್ದಾರೆ. ಅವರಲ್ಲಿ ನೂರಕ್ಕೆ 72 ಮಂದಿ ಹೆಂಗಸರು.

ನೂಲಿನ ಲೆಕ್ಕ ತಿಳಿದರೆ ಈ ದುಡಿಮೆ ಅರ್ಥವಾಗುತ್ತೆ. ಹತ್ತಿ ನೂಲಿನ ಒಂದು ಲಡಿಗೆ 840 ಗಜ. ಒಂದು ಪೌಂಡಿಗೆ ಇಂಥ 40 ಲಡಿ ಬಂದರೆ ಅದು 40ನೇ ನಂಬರು. ಅಂದ್ರೆ ಅರ್ಧ ಕೆಜಿಗೂ ಕಡಿಮೆ ತೂಕದಲ್ಲಿ 33,600 ಗಜ, ಸುಮಾರು 31 ಕಿಲೋಮೀಟರು ಎಳೆ!

ಇಷ್ಟು ದುಡಿದವನು ಬಡವನಾಗೇ ಯಾಕೆ ಉಳಿದ? ಮಿಲ್ ನೂಲು ಬಂದ ಮೇಲೆ ಊರಲ್ಲಿ ನೂಲುವುದು ನಿಲ್ಲುತ್ತಾ ಬಂತು. ಸಾಹುಕಾರ ನೂಲು ಕೊಟ್ಟ, ಮುಂಗಡ ಕೊಟ್ಟ, ಬಟ್ಟೆಯನ್ನೂ ಅವನೇ ತಗೊಂಡ. ಮಗ್ಗ ನೇಕಾರನದು, ನೂಲು ಪರರದು, ಬೆಲೆ ಕಟ್ಟೋರೂ ಪರರೇ. ಅವನ ಪಾಲಿಗೆ ಕೂಲಿ ಮಾತ್ರ.

1927ರಲ್ಲಿ ಗಾಂಧೀಜಿ ನಂದಿಬೆಟ್ಟ, ಬೆಂಗಳೂರುಗಳಲ್ಲಿ ತಿಂಗಳುಗಟ್ಟಲೆ ತಂಗಿದ್ದಾಗ ಮೈಸೂರು ಸಂಸ್ಥಾನದಲ್ಲಿ ಖಾದಿಗೆ ಹುರುಪು ಬಂತು. ನಂಜನಗೂಡು ತಾಲ್ಲೂಕಿನ ಬದನವಾಳು ಖಾದಿ ಕೇಂದ್ರ ಆ ಕಾಲದ್ದೇ. ನಮ್ಮ ನೆರೆಯ ಮೇಲುಕೋಟೆಯಲ್ಲಿ, ಜಯಪ್ರಕಾಶ ನಾರಾಯಣರ ಜೊತೆ ಕೆಲಸ ಮಾಡಿದ್ದ ಸುರೇಂದ್ರ ಕೌಲಗಿಯವರು 1960ರಲ್ಲಿ ಜನಪದ ಸೇವಾ ಟ್ರಸ್ಟ್ ಕಟ್ಟಿದರು. ಖಾದಿ, ಕೈಮಗ್ಗ, ಗಿಡಮರಗಳ ಬಣ್ಣ, ಇವುಗಳಿಂದಲೇ ಹಳ್ಳಿ ಹೆಂಗಸರ ಕೈಗೆ ಕೆಲಸ ಸಿಕ್ಕಿತು.

ಇನ್ನು ಸಹಕಾರದ ಮಾತು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಂಘ ಹುಟ್ಟಿದ್ದು ರೈತನನ್ನು ಬಡ್ಡಿಯ ಬಾಯಿಂದ ಬಿಡಿಸಲು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲೂ ಸಹಕಾರ ಕಾಯಿದೆ ಬಂತು. ನೇಕಾರರ ಸಂಘಗಳ ದಾರಿಯೂ ಅದೇ: ನೂಲು ಒಟ್ಟಿಗೆ ಕೊಳ್ಳುವುದು, ಬಟ್ಟೆ ಒಟ್ಟಿಗೆ ಮಾರುವುದು. ಸಂಘಗಳ ಹೊರಗಿದ್ದವರಿಗಾಗಿ 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವಾಯಿತು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟು 1985ರಲ್ಲಿ ಕೇಂದ್ರದ ಕಾಯಿದೆ ಬಂತು. ಆದರೂ ಪವರ್‌ಲೂಮ್ ಬಟ್ಟೆ ಕೈಮಗ್ಗದ ಹೆಸರಲ್ಲಿ ಬಿಕರಿಯಾಗೋದು ನಿಂತಿಲ್ಲ. ಕೊಳ್ಳುವವರಾದ ನಮ್ಮದೂ ಇದರಲ್ಲಿ ತಪ್ಪಿದೆ.

ಮನೆಯಲ್ಲೇ ಮಗ್ಗ ಹೂಡಬೇಕೆನ್ನುವ ಅಕ್ಕತಂಗಿಯರಿಗೆ ಒಂದು ಮಾತು. ಮೊದಲೇ ಸೀರೆಗೆ ಕೈ ಹಾಕಬೇಡಿ, ಟವೆಲಿನಿಂದ ಶುರುಮಾಡಿ. 20 ಇಂಚು ಅಗಲ, ಇಂಚಿಗೆ 20 ಎಳೆ ಅಂದರೆ ಹಾಸುನೂಲು 400 ಎಳೆ. ಹತ್ತು ಟವೆಲಿಗಾಗುವಷ್ಟು ಉದ್ದ ಒಂದೇ ಸಲ ಹೂಡಿದರೆ ಎಳೆ ಕಟ್ಟುವ ಶ್ರಮ ಹತ್ತರ ಮೇಲೆ ಹಂಚಿಹೋಗುತ್ತೆ. ಹೊಕ್ಕುನೂಲಿನ ಬಣ್ಣ ಬದಲಿಸಿದರೆ ಒಂದೊಂದೂ ಬೇರೆಬೇರೆ ಕಾಣುತ್ತೆ. ದಾಳಿಂಬೆ ಸಿಪ್ಪೆಯಿಂದಲೇ ಒಳ್ಳೇ ಹಳದಿ ಬರುತ್ತೆ. ಮೊದಲೆರಡು ಸೊಟ್ಟಗಾದರೆ ಚಿಂತೆಯಿಲ್ಲ, ಮನೆಗಿರಲಿ.

ಡೇರಿಗೆ ಹಾಲು ಹಾಕುವಾಗ ಒಂದು ಲೀಟರಿನವರಿಗೂ ಹತ್ತು ಲೀಟರಿನವರಿಗೂ ದರದ ಪಟ್ಟಿ ಒಂದೇ. ನಾಲ್ಕು ಮನೆಯವರು ಮಗ್ಗ ಹೂಡಲು ಮುಂದೆ ಬಂದರೆ, ಅವರಿಗೆ ಬೇಕಾದ ನೂಲನ್ನು ಒಟ್ಟಿಗೆ ತರಿಸುವ ವಿಚಾರವನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಎತ್ತೋಣ. ಒಂಟಿ ಎಳೆ ಚಿಟಿಕೆಗೆ ಕಡಿಯುತ್ತೆ, ನೂರು ಎಳೆ ಕೂಡಿದರೆ ಮೈ ಮುಚ್ಚುತ್ತೆ. ಇಪ್ಪತ್ತೈದು ವರ್ಷ ಸಂಘ ನಮಗೆ ಕಲಿಸಿದ್ದೂ ಇದನ್ನೇ ಅಲ್ಲವೇ?